ಪತ್ತೇದಾರಿ ಕಾದಂಬರಿಯ ತಪ್ಪೊಪ್ಪಿಗೆ ಕಾರವಾರದ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ‘ಸೊಪ್ಪಿನಬೆಟ್ಟ’, ಶಿರಸಿ

ಮಾನ್ಯರೇ, ನಾನು ಶಿರಸಿ ಸಮೀಪದ ಹಳ್ಳಿಯವನು. ತೋಟದ ಕೆಲಸದ ನಡುವೆ ಸಿಗುವ ಬಿಡುವಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ಸ್ಥೂಲವಾಗಿ ಹೀಗಿದೆ. ಜುಲೈ ತಿಂಗಳ ಒಂದು ಬೆಳಗ್ಗೆ ಕಾರವಾರದ ದಕ್ಷಿಣಕ್ಕೆ, ಸಮುದ್ರದಂಡೆಯಲ್ಲಿ, ಮೀನುಗಾರರ ಸಹಕಾರ ಸಂಘವೊಂದರ ಗುಮಾಸ್ತನ ಶವ ಸಿಗುತ್ತದೆ. ಮಳೆಗಾಲದ ಕಡಲು, ಕಾಲು ಜಾರಿ ಬಿದ್ದಿರಬೇಕು ಎಂದು ಠಾಣೆಯವರು ಅಸ್ವಾಭಾವಿಕ ಮರಣ ಪ್ರಕರಣ ದಾಖಲಿಸಿ ಸುಮ್ಮನಾಗುತ್ತಾರೆ. ಸತ್ತವನಿಗೆ ಹಿಂದೆ ಪಾಠ ಹೇಳಿದ್ದ ನಿವೃತ್ತ ಮಾಸ್ತರರೊಬ್ಬರಿಗೆ ಮಾತ್ರ ಇದು ಒಪ್ಪಿಗೆಯಾಗುವುದಿಲ್ಲ. ಅವರು ಸಂಘದ ಸಾಲದ ಖಾತೆಗಳನ್ನು ಹೊಂದಿಸಿ ನೋಡುತ್ತ ಹೋಗಿ, ಹಣ ನುಂಗಿದ ಅಧ್ಯಕ್ಷನೇ ಗುಮಾಸ್ತನನ್ನು ತನ್ನ ಟ್ರಾಲ್ ಬೋಟಿನಲ್ಲಿ ಕರೆದೊಯ್ದು ನೀರಿಗೆ ತಳ್ಳಿದನೆಂದು ಕಂಡುಹಿಡಿಯುತ್ತಾರೆ. ಕೊನೆಯ ಅಧ್ಯಾಯದಲ್ಲಿ ಗೋಕರ್ಣದ ಹಳೆಯ ಮನೆಯೊಂದರ ಜಗಲಿಯ ಮೇಲೆ ಎಲ್ಲರನ್ನೂ ಕೂಡಿಸಿ, ಪಿಎಸ್‌ಐ ಸಮ್ಮುಖದಲ್ಲಿ ಒಂದೊಂದೇ ಎಳೆ ಬಿಡಿಸುತ್ತಾರೆ. ಅಧ್ಯಕ್ಷ ಬೆವರುತ್ತಾನೆ, ಕೂಗಾಡುತ್ತಾನೆ, ಒಪ್ಪಿಕೊಳ್ಳುತ್ತಾನೆ.

ಹಸ್ತಪ್ರತಿ ಓದಿದ ಗೆಳೆಯರೊಬ್ಬರು, ‘ಮರುವಾರ ಆತ ನ್ಯಾಯಾಧೀಶರ ಮುಂದೆ ನಿಂತು, ನಾನು ಹಾಗೆ ಹೇಳಿಯೇ ಇಲ್ಲ ಎಂದರೆ ನಿಮ್ಮ ಮಾಸ್ತರರ ಕೈಯಲ್ಲಿ ಏನು ಉಳಿಯುತ್ತದೆ?’ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಜಗಲಿಯ ತಪ್ಪೊಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇದೆಯೇ? ಇಲ್ಲವಾದರೆ ಕಥೆ ಯಾವುದರ ಮೇಲೆ ನಿಲ್ಲಬೇಕು? ಮುಳುಗಿ ಸತ್ತವನನ್ನು ಯಾರೋ ಮುಳುಗಿಸಿದರೆಂದು ಮರಣೋತ್ತರ ಪರೀಕ್ಷೆ ತೋರಿಸಬಲ್ಲದೇ?

ಇನ್ನೊಂದು ಸಂಕೋಚದ ವಿಷಯವೂ ಇದೆ. ಈ ಕಥೆಯ ಬೀಜ ನಮ್ಮ ಕಡೆ ನಡೆದ ಒಂದು ನಿಜವಾದ ಸಾವು. ಆ ಕುಟುಂಬದವರು ಈಗಲೂ ಇಲ್ಲಿಯೇ ಇದ್ದಾರೆ. ನಿಜದಿಂದ ಎಷ್ಟನ್ನು ತೆಗೆದುಕೊಳ್ಳಬಹುದು ಎಂಬುದನ್ನೂ ತಿಳಿದವರು ಹೇಳಬೇಕೆಂದು ವಿನಂತಿ.

ಉತ್ತರ: ಕಾರವಾರದ ಒಬ್ಬ ವಕೀಲ

ಮೊದಲಿಗೆ ಕಥೆ ನಡೆಯುವ ವರ್ಷವನ್ನು ಗಟ್ಟಿ ಮಾಡಿಕೊಳ್ಳಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮದ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಕೊಲೆ ಅದಕ್ಕಿಂತ ಮೊದಲಿನದಾದರೆ ಆರೋಪ 302ನೇ ಕಲಮಿನಡಿ, ಅನಂತರದ್ದಾದರೆ 103ನೇ ಕಲಮಿನಡಿ. 2025ರ ಕಥೆಯಲ್ಲಿ ಇನ್‌ಸ್ಪೆಕ್ಟರ್ ‘302 ಹಾಕುತ್ತೇನೆ’ ಎಂದು ಗುಡುಗಿದರೆ, ಹಳೆಯ ಅಭ್ಯಾಸದ ಬಾಯಿಮಾತೆಂದು ಕ್ಷಮಿಸಬಹುದು. ದೋಷಾರೋಪ ಪಟ್ಟಿಯಲ್ಲಿ ಹಾಗೆ ಬರೆದರೆ ಕ್ಷಮಿಸಲಾಗದು.

ಇನ್ನು ಜಗಲಿಯ ದೃಶ್ಯ. ಪೊಲೀಸ್ ಅಧಿಕಾರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಪೊಲೀಸರ ಅಭಿರಕ್ಷೆಯಲ್ಲಿರುವಾಗ, ಅಂದರೆ ವಶದಲ್ಲಿರುವಾಗ, ಬೇರೆ ಯಾರ ಮುಂದೆ ಒಪ್ಪಿಕೊಂಡರೂ, ಅಲ್ಲಿ ಮ್ಯಾಜಿಸ್ಟ್ರೇಟರು ಇಲ್ಲದಿದ್ದರೆ, ಅದೂ ನಡೆಯದು. ಹಳೆಯ ಕಾನೂನಿನ 25 ಮತ್ತು 26ನೇ ಕಲಮುಗಳಲ್ಲಿದ್ದ ಈ ನಿಯಮ ಈಗ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಹೊಡೆದು ಬಾಯಿ ಬಿಡಿಸುವುದಕ್ಕೆ ಪ್ರಯೋಜನವೇ ಇಲ್ಲದಂತೆ ಮಾಡುವುದು ಇದರ ಉದ್ದೇಶ. ನಿಮ್ಮ ಮಾಸ್ತರರು ಪೊಲೀಸರಲ್ಲವಾದ್ದರಿಂದ, ಬಂಧನಕ್ಕೆ ಮುಂಚೆ, ಅವರೊಬ್ಬರ ಎದುರಿಗೆ ಹೇಳಿದ ಮಾತನ್ನು ನ್ಯಾಯಾಲಯ ಕೇಳಿಸಿಕೊಳ್ಳುತ್ತದೆ. ಆದರೆ ಅದನ್ನು ದುರ್ಬಲ ಸಾಕ್ಷ್ಯವೆಂದೇ ಪರಿಗಣಿಸುವುದು ರೂಢಿ, ಬೇರೆ ಸಾಕ್ಷ್ಯದ ಆಸರೆ ಇಲ್ಲದೆ ಅದರ ಮೇಲೆ ಶಿಕ್ಷೆ ವಿಧಿಸುವುದು ಅಪರೂಪ. ದೃಶ್ಯಕ್ಕೆ ಕಳೆ ಬರಲೆಂದು ನೀವು ಪಿಎಸ್‌ಐ ಅವರನ್ನು ಜಗಲಿಯ ಮೇಲೆ ಕೂರಿಸಿದ್ದೀರಿ. ಆ ಹೇಳಿಕೆಯನ್ನು ಹೊಡೆದು ಹಾಕಲು ಆರೋಪಿಯ ಪರ ವಕೀಲರು ಮೊದಲು ಹಿಡಿಯುವ ಎಳೆ ಅದೇ ಪಿಎಸ್‌ಐ ಅವರ ಹಾಜರಿ. ಅವರನ್ನು ಮನೆಗೆ ಕಳುಹಿಸಿ.

ತಪ್ಪೊಪ್ಪಿಗೆಯಿಂದ ಒಂದು ಭಾಗ ಮಾತ್ರ ಉಳಿದುಕೊಳ್ಳಬಲ್ಲದು. ಅಭಿರಕ್ಷೆಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತನ್ನಷ್ಟೇ ಸ್ವೀಕರಿಸಬಹುದು. ಇದು ಹಳೆಯ 27ನೇ ಕಲಮು. 1947ರಲ್ಲಿ ವರದಿಯಾದ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ಇದರ ಮಿತಿಯನ್ನು ಗುರುತಿಸಿತು. ‘ಗುಮಾಸ್ತನ ತಲೆಗೆ ಹೊಡೆದ ದೋಣಿಯ ಹುಟ್ಟನ್ನು ನಮ್ಮ ತೋಟದ ಬಸಿಗಾಲುವೆಯಲ್ಲಿ ಹೂತಿದ್ದೇನೆ, ತೋರಿಸುತ್ತೇನೆ’ ಎಂದು ಆರೋಪಿ ಹೇಳಿದನೆನ್ನಿ. ಹೂತ ಜಾಗದ ಮಾತು ಉಳಿಯುತ್ತದೆ, ತಲೆಗೆ ಹೊಡೆದ ಮಾತು ಬಿದ್ದುಹೋಗುತ್ತದೆ. ಒಂದೇ ವಾಕ್ಯವನ್ನು ನ್ಯಾಯಾಧೀಶರು ನಡುವೆ ಕತ್ತರಿಸುವ ಈ ಕ್ರಮದಲ್ಲಿ ಯಾವ ಜಗಲಿ ದೃಶ್ಯಕ್ಕಿಂತಲೂ ಹೆಚ್ಚಿನ ಕುತೂಹಲವಿದೆ ಎಂದು ನನಗೆ ಅನ್ನಿಸುತ್ತದೆ. ಮಂಪರು ಪರೀಕ್ಷೆಯ ಅಧ್ಯಾಯವನ್ನೇನಾದರೂ ಯೋಚಿಸಿದ್ದರೆ ಕೈಬಿಡಿ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಒಪ್ಪಿಗೆಯಿಲ್ಲದೆ ಅದನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿದೆ.

ಹಾಗಾದರೆ ಕಥೆ ನಿಲ್ಲಬೇಕಾದದ್ದು ಸಾಂದರ್ಭಿಕ ಸಾಕ್ಷ್ಯದ ಮೇಲೆ. 1984ರ ಶರದ್ ಬಿರಧಿಚಂದ್ ಸಾರ್ಡಾ ತೀರ್ಪನ್ನು ಓದಿ. ಸೊಸೆಯೊಬ್ಬಳು ಪುಣೆಯಲ್ಲಿ ಸೈನೈಡಿನಿಂದ ಸತ್ತ ಪ್ರಕರಣವದು. ಕೆಳಗಿನ ಎರಡೂ ನ್ಯಾಯಾಲಯಗಳು ಗಂಡನನ್ನು ಕೊಲೆಗಾರನೆಂದವು, ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ಪ್ರತಿಯೊಂದು ಸಂದರ್ಭವೂ ಸಂಪೂರ್ಣವಾಗಿ ರುಜುವಾತಾಗಬೇಕು, ಎಲ್ಲವೂ ಕೂಡಿ ಆರೋಪಿಯ ಅಪರಾಧವನ್ನಲ್ಲದೆ ಬೇರಾವ ಊಹೆಗೂ ಎಡೆ ಕೊಡಬಾರದು, ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು ಎಂಬುದು ಅದರ ಸಾರ. ನಿಮ್ಮ ಅಧ್ಯಕ್ಷನಿಗೆ ಉದ್ದೇಶವಿತ್ತು, ಸುಳ್ಳು ಹೇಳಿದ್ದ, ಗುಮಾಸ್ತನೊಂದಿಗೆ ಕೊನೆಯದಾಗಿ ಕಂಡಿದ್ದ. ಇವೆಲ್ಲವೂ ನಿಜವಾಗಿದ್ದೂ ಗುಮಾಸ್ತ ಕಾಲು ಜಾರಿ ಬಿದ್ದಿರುವ ಸಾಧ್ಯತೆ ಉಳಿದುಕೊಂಡರೆ ಖುಲಾಸೆಯೇ ಗತಿ. ಯಾರು ಕೊಂದರೆಂದು ಓದುಗನಿಗೆ ಅರ್ಧದಲ್ಲೇ ಗೊತ್ತಾಗಲಿ, ಉಳಿದರ್ಧ ಪುಸ್ತಕ ಅದನ್ನು ಸಾಬೀತುಪಡಿಸುವ ಹೋರಾಟವಾಗಲಿ. ನನ್ನ ಓದಿನಲ್ಲಿ ಕನ್ನಡದ ಪತ್ತೇದಾರಿ ಕಾದಂಬರಿಗಳು ಈ ಭಾಗವನ್ನು ಹೆಚ್ಚುಕಡಿಮೆ ಮುಟ್ಟಿಯೇ ಇಲ್ಲ.

ಜಾಮೀನಿನ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ: ಬಂಧನದಲ್ಲಿರಿಸಿದ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಕೊಲೆ ಆರೋಪಿಗೂ ಜಾಮೀನು ಹಕ್ಕಾಗಿಯೇ ದೊರೆಯುತ್ತದೆ. ಇಲ್ಲಿಯ ಸೆಷನ್ಸ್ ನ್ಯಾಯಾಲಯ ನಿರಾಕರಿಸಿದ ಅರ್ಜಿ ಹೋಗುವುದು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ, ಬೆಂಗಳೂರಿಗಲ್ಲ.

ಉತ್ತರ: ‘ಬೈತಖೋಲ್’, ಬೋಟ್ ಮಾಲೀಕ

ಕಾನೂನು ನನಗೆ ತಿಳಿಯದು, ಸಮುದ್ರ ತಿಳಿದಿದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ, ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. ಜುಲೈಯಲ್ಲಿ ಒಂದು ಟ್ರಾಲ್ ಬೋಟ್ ಬಂದರು ಬಿಟ್ಟು ಹೊರಟರೆ ಅದನ್ನು ಕಾಣಲು ಪತ್ತೇದಾರನೇ ಬೇಕಿಲ್ಲ. ಇಡೀ ಬೈತಖೋಲ್ ಸಾಕ್ಷಿ ನುಡಿಯುತ್ತದೆ. ಕೊಲೆಯನ್ನು ಆಗಸ್ಟ್ ಎರಡನೆಯ ವಾರಕ್ಕೆ ಸರಿಸಿ, ಇಲ್ಲವೇ ಕಾಳಿ ನದಿಯ ಅಳಿವೆಯಲ್ಲಿ ಸಣ್ಣ ದೋಣಿಯಲ್ಲಿ ಮಾಡಿಸಿ.

ಶವ ಹೋಗುವ ದಿಕ್ಕನ್ನೂ ಯೋಚಿಸಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಒಟ್ಟಾರೆ ಪ್ರವಾಹ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ. ದಂಡೆಯ ಹತ್ತಿರ ಗಾಳಿ, ಅಲೆ, ನದಿಯ ನೆರೆ ಎಲ್ಲವೂ ಸೇರಿ ಲೆಕ್ಕ ತಪ್ಪಿಸುವುದುಂಟು. ಹಾಗಾಗಿ ಮಳೆಗಾಲದಲ್ಲಿ ಕಾರವಾರದ ಬಳಿ ಬಿದ್ದದ್ದು ತೆಂಕಣಕ್ಕೆ ತೇಲುವುದು ಸಹಜವೇ. ಆದರೆ ಬಿಣಗಾ, ಅರ್ಗಾ ದಾಟಿ ಮುಂದಿನ ದಂಡೆಯ ದೊಡ್ಡ ಭಾಗ ಐಎನ್‌ಎಸ್ ಕದಂಬ ನೌಕಾನೆಲೆಗೆ ಸೇರಿದ್ದು, ಅಲ್ಲಿ ಬೆಳಗ್ಗೆ ತಿರುಗಾಡುವ ಊರಿನವರು ಇರುವುದಿಲ್ಲ. ಶವ ಅಲ್ಲಿ ಸಿಕ್ಕರೆ ಮೊದಲು ನೋಡುವವರು ನೌಕಾಪಡೆಯವರು. ಅದೇ ಕಥೆಯನ್ನು ಡಿಸೆಂಬರಿಗೆ ಒಯ್ದರೆ ಶವ ಮಾಜಾಳಿ ದಾಟಿ ಗೋವಾದ ಪೋಳೆಂ ಕಡೆ ಸಿಗಬಹುದು. ಆಗ ನಿಮ್ಮ ಮಾಸ್ತರರು ಎರಡು ರಾಜ್ಯಗಳ ಪೊಲೀಸರ ನಡುವೆ ಓಡಾಡಬೇಕಾಗುತ್ತದೆ.

ಉತ್ತರ: ಕುಮಟಾ ಮೂಲದ ವೈದ್ಯ, ವಿಧಿವೈದ್ಯಶಾಸ್ತ್ರದ ಅಧ್ಯಾಪಕ

ಮುಳುಗಿಸಿದ್ದನ್ನು ಪರೀಕ್ಷೆ ತೋರಿಸಬಲ್ಲದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಇಲ್ಲ. ಬಾಯಿ, ಮೂಗಿನಲ್ಲಿ ಒರೆಸಿದರೂ ಮತ್ತೆ ಬರುವ ನುಣುಪಾದ ಬಿಳಿ ನೊರೆ, ಹಿಗ್ಗಿ ನೀರು ತುಂಬಿದ ಶ್ವಾಸಕೋಶ, ಕೈಯಲ್ಲಿ ಬಿಗಿಯಾಗಿ ಹಿಡಿದ ಕಸ ಅಥವಾ ಮರಳು ಮುಂತಾದ ಗುರುತುಗಳು, ವ್ಯಕ್ತಿ ಜೀವಂತವಾಗಿ ನೀರಿಗೆ ಬಿದ್ದು ಸತ್ತನೆಂಬುದನ್ನು ಸೂಚಿಸುತ್ತವೆ. ತಾನಾಗಿ ಬಿದ್ದವನಲ್ಲಿಯೂ ಹಿಂದಿನಿಂದ ತಳ್ಳಿಸಿಕೊಂಡವನಲ್ಲಿಯೂ ಇವು ಒಂದೇ ಬಗೆಯಾಗಿರುತ್ತವೆ. ವೈದ್ಯರು ಸಾವಿನ ಕಾರಣವನ್ನು ಬರೆಯಬಹುದು; ತಳ್ಳಿದ ಕೈ ಅವರಿಗೆ ಕಾಣುವುದಿಲ್ಲ, ಸೆಣಸಾಟದ ಗಾಯಗಳಿದ್ದರೆ ಮಾತ್ರ ಸಂಶಯ ಹುಟ್ಟುತ್ತದೆ. ಆ ಗಾಯಗಳ ವಿಷಯದಲ್ಲಿಯೂ ಎಚ್ಚರ ಬೇಕು. ಕಡಲಿನಲ್ಲಿ ಮೀನು, ಏಡಿಗಳು ತುಟಿ, ರೆಪ್ಪೆ, ಕಿವಿಯಂತಹ ಮೆತ್ತನೆಯ ಭಾಗಗಳನ್ನೇ ಮೊದಲು ತಿನ್ನುತ್ತವೆ, ಬಂಡೆಗಳು ತರಚುತ್ತವೆ. ಸತ್ತ ಮೇಲೆ ಆದ ಇಂತಹ ಗಾಯಗಳನ್ನು ಚಿತ್ರಹಿಂಸೆಯೆಂದು ಊರಿನವರು ಬಗೆದು ಗಲಾಟೆಯಾಗುವುದು ಉಂಟು. ನಿಮ್ಮ ಕಥೆಗೆ ಬೇಕಾದರೆ ಅದನ್ನು ಬಳಸಿಕೊಳ್ಳಿ.

ನಿಮಗೆ ಉಪಯೋಗವಾಗುವ ಪರೀಕ್ಷೆ ಡಯಾಟಮ್ ಪರೀಕ್ಷೆ. ಡಯಾಟಮ್‌ಗಳು ನೀರಿನಲ್ಲಿರುವ, ಸಿಲಿಕಾ ಕವಚವುಳ್ಳ ಸೂಕ್ಷ್ಮ ಪಾಚಿಗಳು. ಮುಳುಗುತ್ತಿರುವವನು ಉಸಿರಿನೊಂದಿಗೆ ನೀರನ್ನು ಒಳಗೆಳೆದುಕೊಂಡಾಗ ಅವು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಹೃದಯ ಬಡಿಯುತ್ತಿರುವಷ್ಟು ಹೊತ್ತು ಹರಿದು, ಮೂಳೆಯ ಮಜ್ಜೆಯವರೆಗೆ ತಲುಪುತ್ತವೆ. ಸತ್ತವನನ್ನು ನೀರಿಗೆ ಎಸೆದರೆ ಮಜ್ಜೆಗೆ ಹೋಗುವುದಿಲ್ಲ. ಸಿಹಿನೀರಿನ ಡಯಾಟಮ್ ಬೇರೆ, ಉಪ್ಪುನೀರಿನದು ಬೇರೆ. ಆದ್ದರಿಂದ ಗುಮಾಸ್ತನನ್ನು ಶಿರಸಿ ಕಡೆಯ ತೋಟದ ಕೆರೆಯಲ್ಲಿ ಮುಳುಗಿಸಿ, ದೇವಿಮನೆ ಘಟ್ಟ ಇಳಿಸಿ, ಕುಮಟಾದ ಹತ್ತಿರ ಸಮುದ್ರಕ್ಕೆ ಹಾಕಿದ್ದರೆ ಸುಳ್ಳು ಬಯಲಾಗುವ ದಾರಿಯೊಂದು ಸಿಗುತ್ತದೆ.

ಆದರೆ ಇದನ್ನು ಮಂತ್ರದಂಡದ ಹಾಗೆ ಬೀಸಬೇಡಿ. ಮುಳುಗಿಯೇ ಸತ್ತವರಲ್ಲಿ ಕೂಡ ಕೆಲವೊಮ್ಮೆ ಡಯಾಟಮ್ ಸಿಗುವುದಿಲ್ಲ, ಮೂಳೆ ತೆರೆಯುವಾಗ ಅಜಾಗರೂಕತೆಯಾದರೆ ಹೊರಗಿನದು ಸೇರಿಕೊಳ್ಳುತ್ತದೆ, ಹೋಲಿಸಲು ಎರಡೂ ಸ್ಥಳಗಳ ನೀರಿನ ಮಾದರಿ ಬೇಕು. ಆ ಕೆರೆಯ ನೆನಪು ಯಾರಿಗೂ ಬಾರದಿದ್ದಾಗ ಅಲ್ಲಿಂದ ನೀರು ತಂದವರು ಯಾರು? ಅಲ್ಲದೆ ಜುಲೈ, ಆಗಸ್ಟಿನಲ್ಲಿ ಕಾಳಿ, ಅಘನಾಶಿನಿ, ಶರಾವತಿಗಳು ತುಂಬಿ ಹರಿದು, ಅಳಿವೆಯ ಹೊರಗಿನ ಕಡಲೂ ಸಪ್ಪೆಯಾಗಿರುತ್ತದೆ. ನದಿಯ ಡಯಾಟಮ್ ಸಮುದ್ರದಲ್ಲೇ ಸಿಕ್ಕಿತು ಎಂದು ಆರೋಪಿಯ ಪರ ವಕೀಲರು ವಾದಿಸಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಸಿಹಿ, ಉಪ್ಪಿನ ವ್ಯತ್ಯಾಸವನ್ನೇ ನಂಬುವುದಾದರೆ ಕಥೆಯನ್ನು ಬೇಸಿಗೆಗೆ ಇಡಿ.

ಸಾವಿನ ಸಮಯವನ್ನು ಗಂಟೆ, ನಿಮಿಷದ ಲೆಕ್ಕದಲ್ಲಿ ಹೇಳುವ ವೈದ್ಯನನ್ನು ದಯವಿಟ್ಟು ಸೃಷ್ಟಿಸಬೇಡಿ. ನೀರಿನಲ್ಲಿದ್ದ ಶವದ ಬಗ್ಗೆಯಂತೂ ‘ಸುಮಾರು ಒಂದರಿಂದ ಮೂರು ದಿನ’ ಎನ್ನುವುದೇ ಪ್ರಾಮಾಣಿಕ ಉತ್ತರ.

ಉತ್ತರ: ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಅಂಕೋಲಾ

ವಕೀಲ ಸಾಹೇಬರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಅಸ್ವಾಭಾವಿಕ ಮರಣವೆಂದು ದಾಖಲಿಸಿದ ಕೂಡಲೇ ಪೊಲೀಸರು ‘ಸುಮ್ಮನಾದರು’ ಎಂಬ ಪ್ರಶ್ನೆಯ ಧಾಟಿಗೆ ನನ್ನ ಆಕ್ಷೇಪವಿದೆ. ಶವ ಸಿಕ್ಕಾಗ ಠಾಣಾಧಿಕಾರಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಿ, ಸ್ಥಳದ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರನ್ನು ಪಂಚರನ್ನಾಗಿ ಕರೆದು, ಶವ ಪಂಚನಾಮೆ ಮಾಡಿ, ಕಂಡ ಗಾಯಗಳನ್ನೆಲ್ಲ ಬರೆಯಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಆ ವರದಿ 24 ಗಂಟೆಯೊಳಗೆ ಮೇಲಕ್ಕೆ ಹೋಗಬೇಕು. ಸಂಶಯವಿದ್ದರೆ ಮರಣೋತ್ತರ ಪರೀಕ್ಷೆ, ಒಳಾಂಗಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುವುದು, ವರದಿ ಬಂದ ಮೇಲೆ ಮುಂದಿನ ತೀರ್ಮಾನ. ಆ ವರದಿ ತಿಂಗಳುಗಟ್ಟಲೆ ಬಾರದೆ ಇರುವುದು ಠಾಣೆಯ ಕೈಯಲ್ಲಿಲ್ಲ.

ಕಥೆಗೆ ಬೇಕಾದ ನಿಜವಾದ ಸಂದು ಬೇರೆಡೆ ಇದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು 176ನೇ ಕಲಮಿನಲ್ಲಿ ಹೇಳಿದೆ, ರಾಜ್ಯಗಳಿಗೆ ಇದನ್ನು ಜಾರಿಗೆ ತರಲು ಐದು ವರ್ಷಗಳ ಅವಕಾಶವೂ ಇದೆ. ಅಸ್ವಾಭಾವಿಕ ಮರಣದಲ್ಲಿ ಅಪರಾಧವೇ ದಾಖಲಾಗಿರುವುದಿಲ್ಲವಾದ್ದರಿಂದ ಈ ಕಡ್ಡಾಯ ಅನ್ವಯಿಸುವುದಿಲ್ಲ. ಕೊಲೆಯೆಂದು ತಿಳಿಯುವ ಹೊತ್ತಿಗೆ ದೋಣಿಯನ್ನು ತೊಳೆದಾಗಿರುತ್ತದೆ, ಮಳೆ ಹೆಜ್ಜೆಗುರುತು ಅಳಿಸಿರುತ್ತದೆ, ಶವ ಸುಟ್ಟಾಗಿರುತ್ತದೆ. ಕಥೆಯ ಪಿಎಸ್‌ಐ ಮೂರ್ಖನಾಗಿರಬೇಕಿಲ್ಲ, ಲಂಚಕೋರನೂ ಆಗಿರಬೇಕಿಲ್ಲ. ಮೊದಲ ದಿನ ಆತ ಪ್ರಾಮಾಣಿಕವಾಗಿ ಅಪಘಾತವೆಂದು ನಂಬಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿಯೇ ಕೆಡುತ್ತದೆ.

ಪಂಚರನ್ನೂ ಮರೆಯಬೇಡಿ. ಮಳೆಯಲ್ಲಿ ನಿಂತು ಸಹಿ ಹಾಕಿದ ಮೀನುಗಾರ, ವರ್ಷಗಳ ನಂತರ ಸಮನ್ಸ್ ಬಂದಾಗ, ಒಂದು ದಿನದ ದುಡಿಮೆ ಬಿಟ್ಟು ಕಾರವಾರಕ್ಕೆ ಹೋಗಿ, ‘ಠಾಣೆಗೆ ಕರೆದು ಸಹಿ ತೆಗೆದುಕೊಂಡರು, ಒಳಗೆ ಏನು ಬರೆದಿತ್ತೋ ತಿಳಿಯದು’ ಎಂದು ಹೇಳಿ ಬರುತ್ತಾನೆ. ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಘೋಷಿಸುತ್ತಾರೆ. ಅಧ್ಯಕ್ಷ ಅವನಿಗೆ ಹಣ ಕೊಟ್ಟಿರಬೇಕೆಂದೇನೂ ಇಲ್ಲ, ಅದೇ ಸಂಘದಲ್ಲಿ ಅವನ ಸಾಲದ ಅರ್ಜಿ ಇದ್ದರಾಯಿತು. ಈಗ ಜಪ್ತಿ ಮತ್ತು ಶೋಧವನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕೆಂಬ ನಿಯಮ 105ನೇ ಕಲಮಿನಲ್ಲಿ ಬಂದಿರುವುದರಿಂದ ಪರಿಸ್ಥಿತಿ ಸ್ವಲ್ಪ ಬದಲಾಗಬಹುದು.

ಮುದ್ದೆಮಾಲು, ಅಂದರೆ ಜಪ್ತಿಯಾದ ವಸ್ತು, ಕಾಣೆಯಾಗುವುದು ಕಥೆಯಲ್ಲಿ ಅತಿಶಯೋಕ್ತಿ ಎನಿಸೀತೆಂದು ಅಂಜಬೇಡಿ. ಇದೇ ಅಂಕೋಲಾ ತಾಲೂಕಿನ ಬೇಲೇಕೇರಿ ಬಂದರಿನಿಂದ, ಅರಣ್ಯ ಇಲಾಖೆ 2010ರಲ್ಲಿ ಜಪ್ತಿ ಮಾಡಿದ್ದ ಕಬ್ಬಿಣದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಹಡಗು ಹತ್ತಿ ಹೋಯಿತು. ಬೆಂಗಳೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಒಂದು ಹುಟ್ಟು ಕಾಣೆಯಾದರೆ ಯಾವ ಓದುಗನೂ ಹುಬ್ಬೇರಿಸಲಾರ.

ಉತ್ತರ: ‘ಶರಾವತಿ ದಂಡೆ’, ಹೊನ್ನಾವರ

ನಿಮ್ಮ ಕೊನೆಯ ಪ್ರಶ್ನೆಯನ್ನು ಯಾರೂ ಮುಟ್ಟದ ಕಾರಣ ನಾನು ಬರೆಯುತ್ತಿದ್ದೇನೆ. ನಾನು ಓದುಗಾರ್ತಿ ಮಾತ್ರ, ಆದರೆ ಪತ್ರಿಕೆಯಲ್ಲಿ ‘ನಿಗೂಢ ಸಾವು’ ಎಂದು ಅಚ್ಚಾದ ಮನೆಯೊಂದನ್ನು ಹತ್ತಿರದಿಂದ ಬಲ್ಲೆ. ಹೆಸರು ಬದಲಿಸುವುದರಿಂದ ಏನೂ ಮುಚ್ಚಿಹೋಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಊರು, ಜಾತಿ, ಕಸುಬು, ಸತ್ತ ತಿಂಗಳು ಇಷ್ಟನ್ನು ಹೇಳಿದರೆ ನಾಲ್ಕು ಗ್ರಾಮಗಳವರು ಗುರುತಿಸುತ್ತಾರೆ. ನಿಜವಾದ ಸಾವಿನಿಂದ ನಿಮ್ಮನ್ನು ಕಾಡಿದ ಪ್ರಶ್ನೆಯನ್ನು ತೆಗೆದುಕೊಳ್ಳಿ, ಸಂಗತಿಗಳನ್ನು ಬಿಟ್ಟುಬಿಡಿ. ಮುಖ್ಯವಾಗಿ, ನ್ಯಾಯಾಲಯವು ಅಪರಾಧಿಯೆಂದು ಹೇಳದ ಬದುಕಿರುವ ವ್ಯಕ್ತಿಯ ಚಹರೆಯನ್ನು ನಿಮ್ಮ ಅಧ್ಯಕ್ಷನಿಗೆ ಕೊಡಬೇಡಿ. ಸಾರ್ಡಾ ತೀರ್ಪಿನ ಎಚ್ಚರ ನ್ಯಾಯಾಧೀಶರಿಗೆ ಮಾತ್ರ ಇರಬೇಕೇ? ಊರಿನ ಕಟ್ಟೆಯ ಮೇಲೆ ಒಮ್ಮೆ ಕೊಲೆಗಾರನೆನಿಸಿಕೊಂಡವನಿಗೆ ಯಾವ ಪೀಠವೂ ಖುಲಾಸೆ ಕೊಡಲಾರದು.

ಸತ್ತವರು ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಹೆಣ್ಣುಮಗಳಾಗಿದ್ದರಂತೂ ಇದು ಸೌಜನ್ಯದ ಮಾತಲ್ಲ, ಕಾನೂನು. 2018ರ ನಿಪುಣ್ ಸಕ್ಸೇನಾ ತೀರ್ಪಿನ ಪ್ರಕಾರ, ಆಕೆ ತೀರಿಕೊಂಡಿದ್ದರೂ ಗುರುತು ತಿಳಿಯುವ ವಿವರಗಳನ್ನು ಪ್ರಕಟಿಸುವಂತಿಲ್ಲ.

ಇನ್ನೊಂದು ಬೇಡಿಕೆ. ಎಲ್ಲರೂ ಅಧ್ಯಕ್ಷನಿಗೆ ಶಿಕ್ಷೆಯಾಗುವುದೋ ಇಲ್ಲವೋ ಎಂದು ಚರ್ಚಿಸಿದ್ದೀರಿ. ಬೋಟಿನ ಮೇಲಿದ್ದ ಕೂಲಿಯಾಳು ಎಲ್ಲಿಗೆ ಹೋದ? ಅನುಮಾನ ಮೊದಲು ಬೀಳುವುದು ಅಧ್ಯಕ್ಷನ ಮೇಲಲ್ಲ, ಅವನ ಮೇಲೆ. ಭಾರತದ ಕಾರಾಗೃಹಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ವಕೀಲರನ್ನು ನೇಮಿಸಿಕೊಳ್ಳಲಾಗದೆ, ಕಾನೂನು ಸೇವಾ ಪ್ರಾಧಿಕಾರ ಒಬ್ಬರನ್ನು ಕೊಡುವವರೆಗೆ ಕಾಯುತ್ತ, ವರ್ಷಗಟ್ಟಲೆ ಒಳಗಿರುವ ಹುಡುಗನೊಬ್ಬ ನಿಮ್ಮ ಪುಸ್ತಕದಲ್ಲಿದ್ದರೆ ಮಾಸ್ತರರ ಶೋಧನೆಗೆ ಬೇರೆಯೇ ತುರ್ತು ಬರುತ್ತದೆ. ಆಗ ಅವರು ಅಪರಾಧಿಯನ್ನು ಹಿಡಿಯಲು ಮಾತ್ರವಲ್ಲ, ನಿರಪರಾಧಿಯನ್ನು ಬಿಡಿಸಲು ಓಡಾಡುತ್ತಿರುತ್ತಾರೆ, ಅದಕ್ಕೆ ಸಂಪೂರ್ಣ ಸರಪಳಿಯೂ ಬೇಕಿಲ್ಲ, ನ್ಯಾಯಸಮ್ಮತವಾದ ಒಂದು ಸಂಶಯ ಸಾಕು.

ಮರುಪ್ರಶ್ನೆ: ‘ಸೊಪ್ಪಿನಬೆಟ್ಟ’, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಬೋಟಿನ ಹುಡುಗನನ್ನು ನಡುವಿಗೆ ತಂದು, ಕಥೆಯನ್ನು ಮಾರ್ಚ್ ತಿಂಗಳಿಗೆ ಸರಿಸುತ್ತೇನೆ. ಕೆರೆಯನ್ನು ಉಳಿಸಿಕೊಳ್ಳುತ್ತೇನೆ, ಜಗಲಿಯನ್ನು ಬಿಡುತ್ತೇನೆ. ವಕೀಲರಲ್ಲಿ ಒಂದು ಕೊನೆಯ ವಿಚಾರಣೆ: ಪಾಟೀಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಹೇಗೆ ನಡೆಯುತ್ತದೆಂದು ನಾನು ಚಲನಚಿತ್ರಗಳಲ್ಲಿ ಮಾತ್ರ ನೋಡಿದ್ದೇನೆ. ಸಂಬಂಧವಿಲ್ಲದವರು ನ್ಯಾಯಾಲಯದೊಳಗೆ ಕುಳಿತು ಕೇಳಬಹುದೇ?

ಉತ್ತರ: ಕಾರವಾರದ ಒಬ್ಬ ವಕೀಲ

ಧಾರಾಳವಾಗಿ ಕೇಳಬಹುದು. ಗೋಪ್ಯ ವಿಚಾರಣೆಯ ಪ್ರಕರಣಗಳನ್ನು ಬಿಟ್ಟರೆ ನ್ಯಾಯಾಲಯ ಎಲ್ಲರಿಗೂ ತೆರೆದದ್ದು. ಕಾರವಾರದವರೆಗೆ ಬರಬೇಕಾಗಿಯೂ ಇಲ್ಲ, ಶಿರಸಿಯಲ್ಲಿಯೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವಿದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ದಿನದ ಪ್ರಕರಣಗಳ ಪಟ್ಟಿ ನೋಡಿಕೊಂಡು, ಸೆಷನ್ಸ್ ಪ್ರಕರಣವೊಂದು ಸಾಕ್ಷ್ಯದ ಹಂತದಲ್ಲಿರುವ ದಿನವನ್ನು ಆರಿಸಿಕೊಳ್ಳಿ. ಹಳೆಯ ತೀರ್ಪುಗಳೂ ಅಲ್ಲಿಯೇ ಓದಲು ಸಿಗುತ್ತವೆ. ಹಿಂದಿನ ಬೆಂಚಿನಲ್ಲಿ ಕುಳಿತು, ಮೊಬೈಲ್ ಮುಚ್ಚಿಟ್ಟು, ವೈದ್ಯರ ಅಥವಾ ಪಂಚರ ಪಾಟೀಸವಾಲನ್ನು ಪೂರ್ತಿ ಕೇಳಿ. ಯಾರೂ ಕೂಗಾಡುವುದಿಲ್ಲ, ಮೇಜು ಗುದ್ದುವುದಿಲ್ಲ. ‘ನೀವು ಹೇಳುತ್ತಿರುವುದು ಸುಳ್ಳು ಎಂದರೆ ಸರಿಯಲ್ಲ’ ಎಂದು ಬೆರಳಚ್ಚುಗಾರರು ಸಾಕ್ಷಿಯ ನಿರಾಕರಣೆಯನ್ನು ದಾಖಲಿಸಿಕೊಳ್ಳುತ್ತ ಹೋಗುತ್ತಾರೆ, ಅಷ್ಟೇ. ಸಾಕ್ಷಿ ಬಾರದೆ ಪ್ರಕರಣ ಮುಂದೂಡಿದರೆ ಬೇಸರಿಸದೆ ಮುಂದಿನ ದಿನಾಂಕ ಬರೆದುಕೊಂಡು ಹೋಗಿ. ನಿಮ್ಮ ಕಥೆಯ ಹುಡುಗನೂ ಅದನ್ನೇ ಮಾಡುತ್ತಿರುತ್ತಾನೆ.